ಅಳೆಯದೆ ಕದಲುವುದಿಲ್ಲ

ಬ್ರೆಕ್ಕೆ ಕಣಿವೆಯ ಜನ ಆ ಕಾಲಕ್ಕೆ ಎರಡೇ ಕಡೆ ಟೋಪಿ ತೆಗೆಯುತ್ತಿದ್ದರು. ಒಂದು ಚರ್ಚಿನಲ್ಲಿ, ಇನ್ನೊಂದು ಸ್ಕೀ ಜಿಗಿತದ ಗುಡ್ಡದ ಬುಡದಲ್ಲಿ. ಚರ್ಚಿನಲ್ಲಿ ಹೆಂಗಸರಿಗೂ ಜಾಗವಿತ್ತು. ಗುಡ್ಡದಲ್ಲಿ ಅವರ ಜಾಗ ಕಾಫಿ ಕಾಯಿಸುವ ಗೂಡಂಗಡಿಯೊಳಗೆ ಮಾತ್ರ.

ಯುದ್ಧ ಮುಗಿದು ಜರ್ಮನ್ನರು ದೇಶ ಬಿಟ್ಟುಹೋದ ಮೇಲೆ ಕಟ್ಟಿದ ಗುಡ್ಡ ಅದು. ಮೇಲೆ ಮರದ ಅಟ್ಟಣೆ, ಅಲ್ಲಿಂದ ಜಾರಿ ಬರುವ ದಾರಿ, ದಾರಿ ಮುಗಿಯುವಲ್ಲಿ ಹಾರುವ ತುದಿ, ಕೆಳಗೆ ಬೆಟ್ಟದ ಬೆನ್ನಿನಂಥ ಬಿಳಿಯ ಇಳಿಜಾರು. ಅಟ್ಟಣೆಯ ಮರಕ್ಕೂ ಮೊಳೆಗೂ ಬೇಕಾದ ದುಡ್ಡನ್ನು ಮಹಿಳಾ ಸಂಘದವರು ಕಾಲುಚೀಲ ಹೆಣೆದು, ಕೈಗವಸು ಹೆಣೆದು, ಲಾಟರಿ ಎತ್ತಿ ಕೂಡಿಸಿದ್ದರು. ಉದ್ಘಾಟನೆಯ ದಿನ ಹೊಡೆದ ಹಿತ್ತಾಳೆಯ ಫಲಕದಲ್ಲಿ ಮಾತ್ರ ಸ್ಕೀ ಸಂಘದ ಗಂಡಸರ ಹೆಸರುಗಳಿದ್ದವು. ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ, ಅಧ್ಯಕ್ಷ ಹಾಲ್ವೋರನ ಹೆಸರು.

ಹಾಲ್ವೋರ್ ಊರಿನ ಅಂಗಡಿಯ ಯಜಮಾನ. ಕೆಟ್ಟವನೇನಲ್ಲ. ಕಷ್ಟ ಅಂದವರಿಗೆ ಹಿಟ್ಟು, ಸಕ್ಕರೆ ಕಡ ಕೊಡುತ್ತಿದ್ದ. ಆದರೆ ಪ್ರತಿ ಚಳಿಗಾಲವೂ ಅವನ ಅಂಗಡಿಯ ಕಟ್ಟೆಯ ಮುಂದೆ ನಿಂತು ಗುನ್‌ವೋರ್ ಎಂಬ ಹುಡುಗಿ, "ಈ ಸಲ ಸ್ಪರ್ಧೆಗೆ ನಂಗೂ ಒಂದು ನಂಬರ್ ಕೊಡಿ" ಅಂದಾಗ ಅವನು ನಗುತ್ತಿದ್ದ. ಆ ನಗು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಉರಿಯುತ್ತಿತ್ತು.

"ನೋಡಮ್ಮ, ನಾನಾಗಿ ಬೇಡ ಅನ್ತಿಲ್ಲ. ಪಟ್ಟಣದ ದೊಡ್ಡ ಡಾಕ್ಟರೇ ಹೇಳಿದಾರೆ. ಅಷ್ಟು ಮೇಲಿಂದ ಬಿದ್ರೆ ಹೆಂಗಸರ ಗರ್ಭಕೋಶ ಕಿತ್ತು ಬರತ್ತಂತೆ."

"ಗಂಡಸರದ್ದು ಏನೂ ಕಿತ್ತು ಬರಲ್ವಾ?" ಎಂದು ಕಳೆದ ಸಲ ಅವಳು ಕೇಳಿದ್ದಳು. ಅಂಗಡಿಯಲ್ಲಿದ್ದವರು ಗೊಳ್ಳೆಂದು ನಕ್ಕಿದ್ದರು. ಹಾಲ್ವೋರ್ ಮಾತ್ರ ಆ ಸಲ ನಕ್ಕಿರಲಿಲ್ಲ.

ಗುನ್‌ವೋರ್‌ಗೆ ಹದಿನೆಂಟು. ಅವಳಿಗೆ ಹಾರಲು ಕಲಿಸಿದ್ದು ಅಪ್ಪ. ಕೊಟ್ಟಿಗೆಯ ಹಿಂದೆ ಹಿಮ ಗುಡ್ಡೆ ಹಾಕಿ, ಮಗಳನ್ನು ಅದರ ಮೇಲಿಂದ ಬಿಟ್ಟು, ಬಿದ್ದಾಗಲೆಲ್ಲ, "ಎದ್ದೇಳು, ಮುಂದಕ್ಕೆ ಬಾಗು, ಹಿಂದೆ ಕೂತರೆ ಗಾಳಿ ನಿನ್ನ ಎತ್ತಿ ಒಗೆಯತ್ತೆ" ಅನ್ನುತ್ತಿದ್ದ. ಅವಳಿಗೆ ಹದಿಮೂರಾಗಿದ್ದಾಗ ಕಾಡಿನಲ್ಲಿ ಮರ ಕಡಿಯುವಾಗ ಸ್ಪ್ರೂಸ್ ಮರವೊಂದು ಅಡ್ಡಾದಿಡ್ಡಿ ಉರುಳಿ ಅವನು ತೀರಿಕೊಂಡ. ಅವನ ಉದ್ದನೆಯ ಭಾರವಾದ ಸ್ಕೀಗಳು ಮಗಳ ಪಾಲಿಗೆ ಬಂದವು. ತಾಯಿ ಮಾರ್ಗಿತ್‌ಗೆ ಅವುಗಳನ್ನು ಕಂಡರೆ ಆಗುತ್ತಿರಲಿಲ್ಲ. ಆಡು ಸಾಕಿ, ಹಾಲು ಕರೆದು, ಕಂದು ಚೀಸ್ ಕಾಯಿಸಿ ಮನೆ ನಡೆಸುತ್ತಿದ್ದ ಹೆಂಗಸು. "ಒಬ್ಬನ್ನ ಕಾಡು ತಿಂತು. ಇನ್ನೊಬ್ಬಳನ್ನ ಗುಡ್ಡಕ್ಕೆ ಕೊಡೋಕೆ ನಾನು ತಯಾರಿಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದಳು. ಹಾಗಾಗಿ ಗುನ್‌ವೋರ್ ಅಮ್ಮ ಚೀಸ್ ಮಾರಲು ಹೋದ ದಿನಗಳಲ್ಲಿ, ಗುಡ್ಡದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹಾರುತ್ತಿದ್ದಳು.

ಆ ಮಾರ್ಚ್ ತಿಂಗಳ ಭಾನುವಾರ ದೊಡ್ಡ ಸ್ಪರ್ಧೆ. ಪಕ್ಕದ ಕಣಿವೆಯಿಂದ ಬಸ್ಸುಗಳಲ್ಲಿ ಜನ ಬಂದಿದ್ದರು. ಪಟ್ಟಣದಿಂದ ಮೂವರು ತೀರ್ಪುಗಾರರು ತುಪ್ಪಳದ ಟೋಪಿ ಹಾಕಿಕೊಂಡು ಬಂದಿದ್ದರು. ಹಿಂದಿನ ರಾತ್ರಿ ಹೊಸ ಹಿಮ ಬಿದ್ದಿದ್ದರಿಂದ ಬೆಳಗ್ಗೆ ಊರಿನ ಹುಡುಗರೆಲ್ಲ ಸೇರಿ ಇಳಿಜಾರನ್ನು ತುಳಿದು ಗಟ್ಟಿ ಮಾಡಬೇಕಾಯಿತು. ತುಳಿಯಲು ಗುನ್‌ವೋರ್‌ಳನ್ನೂ ಕರೆದಿದ್ದರು. ಅದಕ್ಕೆ ಗರ್ಭಕೋಶ ಅಡ್ಡ ಬಂದಿರಲಿಲ್ಲ.

ಸ್ಪರ್ಧೆ ಶುರುವಾಗುವ ಮುಂಚೆ ಮೂವರು ಹಾರಿ ಗುಡ್ಡವನ್ನು ಪರೀಕ್ಷೆ ಮಾಡಬೇಕು. ಜಾರುವ ದಾರಿ ಎಷ್ಟು ವೇಗವಾಗಿದೆ, ಹಿಮ ಹಿಡಿಯುತ್ತದೋ ಇಲ್ಲವೋ ತಿಳಿಯುವುದು ಹಾಗೆ. ಆ ಮೂವರಲ್ಲಿ ಒಬ್ಬ ಜ್ವರ ಬಂದು ಮಲಗಿದ್ದ. ಹಾಲ್ವೋರ್ ಸುತ್ತ ನೋಡಿದ. ಹೆಸರು ಬರೆಸಿದ ಗಂಡು ಹುಡುಗರ್ಯಾರೂ ಸ್ಪರ್ಧೆಗೆ ಮುಂಚೆ ಕಾಲು ದಣಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಅವನ ಕಣ್ಣು ಇವಳ ಮೇಲೆ ಬಿತ್ತು.

"ಏನಮ್ಮ, ಹಾರ್ತೀಯಾ? ಸ್ಪರ್ಧೆ ಗಿರ್ಧೆ ಅಂತಲ್ಲ. ಬರೀ ಪರೀಕ್ಷೆಗೆ. ಜನಕ್ಕೂ ಒಂಚೂರು ಮಜಾ ಇರತ್ತೆ."

"ಹಾರ್ತೀನಿ" ಅಂದಳು. ಮಜಾ ಎಂಬ ಮಾತನ್ನು ನುಂಗಿಕೊಂಡಳು.

ಅಟ್ಟಣೆಯ ಮೆಟ್ಟಿಲು ಹತ್ತುವಾಗ ಊರಿನ ಅತಿ ಒಳ್ಳೆಯ ಹಾರಾಟಗಾರನೆನಿಸಿಕೊಂಡ ಶೇತಿಲ್ ಪಕ್ಕಕ್ಕೆ ಸರಿದು ದಾರಿ ಬಿಟ್ಟು, "ಲಂಗ ಹಾಕ್ಕೊಂಡು ಬರ್ಬೇಕಿತ್ತು ಕಣೇ, ಗಾಳಿ ತುಂಬ್ಕೊಂಡು ಪಕ್ಕದ ಕಣಿವೆಗೇ ಹೋಗ್ಬಿಡ್ತಿದ್ದೆ" ಅಂದ. ಸುತ್ತಲಿದ್ದವರು ನಕ್ಕರು.

"ನಿಂಗೆ ಬೇಕಾಗತ್ತೆ, ಇಟ್ಕೊಂಡಿರು" ಎಂದು ಅವಳು ಹತ್ತುತ್ತಲೇ ಇದ್ದಳು.

ಮೊದಲ ಹುಡುಗ ಹಾರಿದ. ಧ್ವನಿವರ್ಧಕದಲ್ಲಿ, "ನಲವತ್ತೊಂದು ಮೀಟರ್!" ಎಂದು ಕೂಗಿದರು. ಎರಡನೆಯವನು ಹಾರಿದ. "ನಲವತ್ನಾಲ್ಕು!" ಜನ ಚಪ್ಪಾಳೆ ತಟ್ಟಿದರು. ಆಮೇಲೆ ಹಾಲ್ವೋರನ ದನಿ ಕೇಳಿತು: "ಈಗ ಕಾಫಿಗೆ ಮುಂಚೆ ಒಂದು ಸಿಹಿ. ನಮ್ಮೂರಿನ ಪುಟ್ಟ ಹುಡುಗಿ ಗುನ್‌ವೋರ್ ಹಾರಿ ತೋರಿಸ್ತಾಳೆ!"

ಅವಳು ಅಟ್ಟಣೆಯ ತುದಿಯಲ್ಲಿ ಹಿಡಿದು ನಿಂತಿದ್ದ ಅಡ್ಡಪಟ್ಟಿಯನ್ನು ಬಿಟ್ಟಳು. ದಾರಿ ಬೆಳಗಿಗಿಂತ ಗಟ್ಟಿಯಾಗಿತ್ತು. ಸ್ಕೀಗಳು ಕೆಳಗಿನ ಹಿಮವನ್ನು ಕೊರೆಯುತ್ತ ಓಡಿದವು. ತುದಿ ಬಂದದ್ದು ಕಾಣಲಿಲ್ಲ, ಕಾಲಿಗೆ ಗೊತ್ತಾಯಿತು. ಒದ್ದು ಎದ್ದಳು. ಆಮೇಲೆ ಸದ್ದೇ ಇಲ್ಲ. ಗಾಳಿ ಎದೆಯಡಿ ಕೈಯೊಡ್ಡಿ ಎತ್ತಿ ಹಿಡಿದಂತಾಯಿತು. ಅವಳು ಮುಂದಕ್ಕೆ, ಇನ್ನೂ ಮುಂದಕ್ಕೆ ಬಾಗಿದಳು. ಕೆಳಗೆ ಅಳೆಯುವವರ ಕಪ್ಪು ಕೋಟುಗಳು ಒಂದೊಂದಾಗಿ ಹಿಂದೆ ಸರಿದವು. ಇಳಿಜಾರು ಅವಳನ್ನು ಬಿಟ್ಟು ದೂರ ಹೋಗುತ್ತಲೇ ಇತ್ತು, ಹೋಗುತ್ತಲೇ ಇತ್ತು. ಕೊನೆಗೆ ಒಂದು ಕಾಲು ಮುಂದೆ, ಒಂದು ಹಿಂದೆ, ಮಂಡಿ ಬಗ್ಗಿಸಿ ಇಳಿದಳು. ಬೀಳಲಿಲ್ಲ. ಬುಡದವರೆಗೆ ಓಡಿ, ತಿರುಗಿ ನಿಂತು, ಉಸಿರು ಹಿಡಿದು ಧ್ವನಿವರ್ಧಕದ ಕಡೆ ಕಿವಿಕೊಟ್ಟಳು.

ಆಮೇಲೆ ಹಾಲ್ವೋರ್ ಗಂಟಲು ಸರಿಮಾಡಿಕೊಂಡ. "ತುಂಬಾ ಚೆನ್ನಾಗಿತ್ತು. ಹುಡುಗಿಗೆ ಒಂದು ಚಪ್ಪಾಳೆ. ಇನ್ನೇನು, ಸ್ಪರ್ಧೆ ಶುರು."

ಅಷ್ಟೇ. ಮೀಟರಿನ ಮಾತೇ ಇಲ್ಲ.

ಅವಳು ಇಳಿಜಾರಿನ ಮೇಲೆ ಕಣ್ಣು ಹಾಯಿಸಿದಳು. ಎರಡು ಬದಿಯಲ್ಲೂ ಅಳೆಯುವವರು ಸಾಲಾಗಿ ನಿಂತಿದ್ದರು, ಒಬ್ಬೊಬ್ಬರಿಗೆ ಒಂದೊಂದು ಮೀಟರು. ಎಲ್ಲರಿಗಿಂತ ಕೆಳಗೆ, ಯಾರೂ ಹಾರಿ ಬರಲಾರದ ಜಾಗದಲ್ಲಿ, ಅವಳ ಸೋದರಮಾವ ಐವಿಂದ್ ನಿಂತಿದ್ದ. ಅವನಿಗೆ ಮಾತು ಕಡಿಮೆ. ಅಲ್ಲಿ ಕೆಲಸವೂ ಕಡಿಮೆ ಎಂದು ಹಾಕಿದ್ದರು. ಅವನು ತನ್ನ ಕೋಲನ್ನು ಹಿಮದ ಮೇಲೆ ಊರಿ ಹಾಗೇ ಹಿಡಿದುಕೊಂಡಿದ್ದ. ಹಾಲ್ವೋರ್ ಮೇಲಿಂದ ಕೈ ಬೀಸುತ್ತಿದ್ದ. ತುಳಿಯುವ ಹುಡುಗರು ಸ್ಕೀ ಅಡ್ಡ ಮಾಡಿಕೊಂಡು, ಮೇಲಿಂದ ಕೆಳಕ್ಕೆ ಒಂದೊಂದೇ ಹೆಜ್ಜೆ ತುಳಿಯುತ್ತ ಇಳಿಯತೊಡಗಿದ್ದರು.

ಅವರು ಕೆಳಗೆ ಬಂದರೆ ಅವಳು ಇಳಿದ ಗುರುತು ಅಳಿಸಿಹೋಗುತ್ತದೆ.

ಯೋಚಿಸಿ ಮಾಡಿದ್ದಲ್ಲ ಅದು. ಸ್ಕೀ ಬಿಚ್ಚಿ ಹೆಗಲಿಗೇರಿಸಿ, ಬೂಟಿನ ಮೂತಿಯನ್ನು ಹಿಮಕ್ಕೆ ಒತ್ತುತ್ತ ಹತ್ತಿದಳು. ಮಾವನ ಕೋಲಿನ ನೇರಕ್ಕೆ ಅವಳ ಎರಡು ಗೆರೆಗಳು ಶುರುವಾಗಿದ್ದವು, ಚಾಕುವಿನಿಂದ ಬೆಣ್ಣೆಯಲ್ಲಿ ಗೀರಿದಷ್ಟು ಸ್ಪಷ್ಟವಾಗಿ. ಅವುಗಳ ಮೇಲೆ ಎರಡು ಕಾಲೂ ಅಗಲಿಸಿ ನಿಂತಳು.

"ಮಾವ, ಎಷ್ಟು?"

ಐವಿಂದ್ ಬೂಟು ನೋಡಿಕೊಂಡ. "ಹೇಳ್ಬಾರ್ದು ಅಂದಿದಾರೆ."

"ಹುಡುಗರದ್ದು ಹೇಳಿದ್ರಲ್ಲ?"

"ಹೂಂ. ಅವರದ್ದು ಹೇಳಿದ್ರು."

ಅವನು ಹೇಳಲಿಲ್ಲ. ಆದರೆ ಕೋಲನ್ನೂ ಕೀಳಲಿಲ್ಲ.

ತುಳಿಯುವ ಹುಡುಗರು ಅವಳ ಹತ್ತಿರ ಬಂದು ಏನು ಮಾಡಬೇಕೋ ತಿಳಿಯದೆ ನಿಂತರು. ಹಿಂದೆಯೇ ಹಾಲ್ವೋರ್ ಬದಿಯ ಮೆಟ್ಟಿಲು ಇಳಿದು ಬಂದ. ಮುಖ ಕೆಂಪೇರಿತ್ತು, ನಗು ಮಾತ್ರ ಹಾಗೇ ಇತ್ತು.

"ಏನಿದು ಗುನ್‌ವೋರ್? ಕೆಳಗೆ ಹೋಗು. ಜನ ಕಾಯ್ತಿದಾರೆ."

"ಅಳೀರಿ, ಹೋಗ್ತೀನಿ."

"ಪರೀಕ್ಷೆಯ ಜಿಗಿತ ಅಳೆಯಲ್ಲ ಕಣಮ್ಮ."

"ಈಗಷ್ಟೇ ಎರಡು ಅಳೆದ್ರಿ. ಇಡೀ ಕಣಿವೆಗೆ ಕೇಳೋ ಹಾಗೆ ಕೂಗಿದ್ರಿ."

"ಅದು ಬೇರೆ."

"ಹೇಗೆ ಬೇರೆ?"

ಹಾಲ್ವೋರನ ನಗು ಮುಗಿಯಿತು. ದನಿ ತಗ್ಗಿಸಿದ. "ನಿಂಗೆ ಅವಕಾಶ ಕೊಟ್ಟಿದ್ದೇ ಹೆಚ್ಚು. ಮರ್ಯಾದೆ ಉಳಿಸ್ಕೊಂಡು ಇಳಿ. ಇಲ್ಲದಿದ್ರೆ ಹೊತ್ಕೊಂಡು ಹೋಗೋಕೆ ಹೇಳ್ಬೇಕಾಗತ್ತೆ."

"ಹೊತ್ಕೊಂಡು ಹೋಗ್ಲಿ. ನಾನಾಗಿ ಕದಲಲ್ಲ."

ಕೆಳಗೆ ಸಾವಿರ ಮುಖಗಳು ಅವಳತ್ತ ನೋಡುತ್ತಿದ್ದವು. "ಇಳಿಯೇ ಹುಡುಗಿ!" ಎಂದು ಯಾರೋ ಕೂಗಿದರು. ಇನ್ನೊಬ್ಬ ಸಿಳ್ಳೆ ಹೊಡೆದ. "ಎಲ್ಲಾ ಯುದ್ಧದ ಕಾಲದಲ್ಲಿ ಕೆಟ್ಟೋಯ್ತು" ಎಂದು ಒಬ್ಬ ಮುದುಕ ಪಕ್ಕದವನಿಗೆ ಹೇಳಿದ್ದು ಆ ಚಳಿಗಾಳಿಯಲ್ಲಿ ಅವಳವರೆಗೂ ತೇಲಿ ಬಂತು. ಕೆನ್ನೆ ಸುಟ್ಟಂತಾಯಿತು. ಅಳು ಬಂದರೆ ಸೋತಂತೆ ಎಂದು ಹಲ್ಲು ಕಚ್ಚಿ, ಎದುರಿನ ಬೆಟ್ಟದ ನೆತ್ತಿ ನೋಡುತ್ತ ನಿಂತಳು.

ಹಾಲ್ವೋರ್ ಇಬ್ಬರು ಹುಡುಗರಿಗೆ ಕಣ್ಣಿನಲ್ಲೇ ಸನ್ನೆ ಮಾಡಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಂದು ಹೆಜ್ಜೆ ಮುಂದಿಟ್ಟರು. ಆಗಲೇ ಗೂಡಂಗಡಿಯ ಕಡೆಯಿಂದ ಒಬ್ಬಳು ಏಪ್ರನ್ ಉಟ್ಟುಕೊಂಡೇ ಇಳಿಜಾರು ಹತ್ತಿ ಬರುವುದು ಕಾಣಿಸಿತು. ಕೈಯಲ್ಲಿ ವಾಫಲ್ ದೋಸೆಯ ಹಿಟ್ಟು ಮೆತ್ತಿದ ಸೌಟು. ಎರಡು ಸಲ ಜಾರಿದಳು, ಎರಡು ಸಲವೂ ಕೈಯೂರಿ ಎದ್ದಳು.

ಗುನ್‌ವೋರ್ ಆ ನಡಿಗೆಯನ್ನು ಗುರುತಿಸಿದಳು. ಅಮ್ಮ. ಕದ್ದು ಹಾರುತ್ತಿದ್ದದ್ದೆಲ್ಲ ಈಗ ಬಯಲಾಯಿತು.

ಮಾರ್ಗಿತ್ ಬಂದವಳೇ ಮಗಳ ಮುಂದೆ ನಿಂತು ಏದುಸಿರು ಬಿಟ್ಟಳು. ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸತ್ತ ಗಂಡನ ಸ್ಕೀಗಳನ್ನು ನೋಡಿದಳು.

"ಎಷ್ಟು ದಿನದಿಂದ ನಡೀತಿದೆ ಇದು?"

"ತುಂಬಾ ದಿನದಿಂದ ಅಮ್ಮ."

"ಮನೆಗೆ ಬಾ, ಆಮೇಲೆ ಮಾತಾಡ್ತೀನಿ." ಅಷ್ಟು ಹೇಳಿ ಆ ಇಬ್ಬರು ಹುಡುಗರ ಕಡೆ ತಿರುಗಿದಳು. "ನಿಮ್ಮಲ್ಲಿ ಯಾರಾದ್ರೂ ಇವಳ ಮೈಮೇಲೆ ಕೈ ಹಾಕಿದ್ರೆ ಈ ಸೌಟು ಮುರಿಯೋವರೆಗೂ ಬಾರಿಸ್ತೀನಿ. ನಿಮ್ಮಮ್ಮಂದಿರೂ ಕೆಳಗೇ ನಿಂತಿದಾರೆ, ಬೇಕಾದ್ರೆ ಕೇಳ್ಕೊಂಡು ಬನ್ನಿ."

ಹುಡುಗರು ಹಿಂದೆ ಸರಿದರು.

"ಮಾರ್ಗಿತ್, ನೀನೇ ಬೇಡ ಅಂದಿದ್ಯಲ್ಲ!" ಹಾಲ್ವೋರ್ ಕೈ ಚೆಲ್ಲಿದ. "ನನ್ನ ಅಂಗಡೀಲೇ ನಿಂತು, ಅವಳನ್ನ ಹಾರೋಕೆ ಬಿಡ್ಬೇಡಿ ಅಂತ ಹೇಳಿದ್ದೆ."

"ಹೇಳಿದ್ದೆ. ಈಗ್ಲೂ ಬೇಡ ಅಂತಾನೇ ಹೇಳ್ತೀನಿ. ನಂಗೆ ಹೆದರಿಕೆ. ಆದ್ರೆ ಅವಳು ಹಾರಿದ್ದು ಹಾರಿದ್ದೇ ತಾನೇ? ನಾನು ಬೇಡ ಅಂದಿದ್ದಕ್ಕೆ ಅದು ಹಾರ್ಲಿಲ್ಲ ಅಂತ ಆಗತ್ತಾ? ನನ್ನ ಹೆದರಿಕೇನ ನಿನ್ನ ಸುಳ್ಳಿಗೆ ಎರವಲು ತಗೋಬೇಡ ಹಾಲ್ವೋರ್. ಅಳಿ."

ತೀರ್ಪುಗಾರರ ಗೋಪುರದಿಂದ ಪಟ್ಟಣದವರೊಬ್ಬರು ಕೂಗಿ ಕೇಳಿದರು, "ಏನಾಗ್ತಿದೆ ಅಲ್ಲಿ? ಯಾಕೆ ತಡ?" ಹಾಲ್ವೋರ್, "ಏನಿಲ್ಲ ಏನಿಲ್ಲ, ಎರಡು ನಿಮಿಷ" ಎಂದು ಕೈಯೆತ್ತಿದ.

ಆ ಎರಡು ನಿಮಿಷದಲ್ಲಿ ಗುಡ್ಡದ ಬುಡದಲ್ಲಿ ಮತ್ತೊಂದು ಸಂಗತಿ ನಡೆಯಿತು. ಮಹಿಳಾ ಸಂಘದ ಅಧ್ಯಕ್ಷೆ ಇಂಗೆರಿದ್, ಎಪ್ಪತ್ತು ದಾಟಿದ ಗಟ್ಟಿ ಮುದುಕಿ, ಗೂಡಂಗಡಿಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಒಳಗೆ ನಾಲ್ಕು ದೊಡ್ಡ ಹಂಡೆಗಳಲ್ಲಿ ಕಾಫಿ ಕುದಿಯುತ್ತಿತ್ತು. ಲೆಫ್ಸೆ ಎಂಬ ತೆಳ್ಳನೆಯ ಆಲೂಗಡ್ಡೆ ರೊಟ್ಟಿಗಳಿಗೆ ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿಟ್ಟಿದ್ದರು. ಹೊರಗೆ ಚಳಿಗೆ ಕಾಲು ಬಡಿಯುತ್ತ ಉದ್ದನೆಯ ಸಾಲು ನಿಂತಿತ್ತು. ಇಂಗೆರಿದ್ ಒಳಗೆ ತಿರುಗಿ ಒಂದೇ ಮಾತು ಹೇಳಿದಳು. ಗೂಡಂಗಡಿಯ ಮರದ ಕದ ದಢಾರನೆ ಬಿತ್ತು.

"ಏನಜ್ಜೀ, ಕಾಫಿ ಮುಗೀತಾ?" ಸಾಲಿನ ಮುಂದಿದ್ದವನು ಕೇಳಿದ.

"ಬೇಕಾದಷ್ಟಿದೆ. ಆ ಹುಡುಗಿ ಹಾರಿದ್ದನ್ನ ಅಳೆದು ಹೇಳೋವರೆಗೂ ಒಂದು ಹನಿ ಸಿಗಲ್ಲ."

"ಅಯ್ಯೋ, ನಾವೇನು ಮಾಡಿದ್ವಿ? ಬಸ್ಸಲ್ಲಿ ಎರಡು ಗಂಟೆ ಬಂದಿದೀವಿ!"

"ಹಾಗಾದ್ರೆ ಕೂಗಿ ಹೇಳು ಆ ಹಾಲ್ವೋರ್‌ಗೆ. ನಿನ್ನ ಗಂಟಲು ನನ್ನದಕ್ಕಿಂತ ಚೆನ್ನಾಗಿದೆ."

ಅವನು ಮೊದಲು ಗೊಣಗಿದ. ಆಮೇಲೆ ಚಳಿ ತಡೆಯಲಾರದೆ ಕೂಗಿಯೇಬಿಟ್ಟ. "ಅಳೀರಯ್ಯಾ!" ಪಕ್ಕದವನೂ ಕೂಗಿದ. ನ್ಯಾಯದ ಮೇಲಿನ ಪ್ರೀತಿಗೆ ಕೂಗಿದವರೆಷ್ಟೋ, ಕಾಫಿಗಾಗಿ ಕೂಗಿದವರೆಷ್ಟೋ, ಯಾರಿಗೆ ಗೊತ್ತು. ಸ್ವಲ್ಪ ಹೊತ್ತಿಗೆ ಪಕ್ಕದ ಕಣಿವೆಯವರೆಲ್ಲ ಕಾಲು ಬಡಿಯುತ್ತ, "ಅಳೀರಿ! ಅಳೀರಿ!" ಎನ್ನತೊಡಗಿದರು. ಬ್ರೆಕ್ಕೆಯವರ ಮಾನ ಹೋಗುತ್ತಿದೆಯೆಂಬ ಖುಷಿಯೂ ಅವರಿಗಿತ್ತು.

ಇಂಗೆರಿದ್ ಅಷ್ಟಕ್ಕೆ ಬಿಡಲಿಲ್ಲ. ಕೋಲೂರಿಕೊಂಡು ಇಳಿಜಾರಿನ ಬುಡಕ್ಕೆ ಬಂದು ಮೇಲಕ್ಕೆ ನೋಡಿ ಕೂಗಿದಳು. "ಹಾಲ್ವೋರ್! ಆ ನಿನ್ನ ಡಾಕ್ಟರ್‌ಗೆ ಹೇಳು, ನಾನು ಆರು ಹೆತ್ತಿದೀನಿ. ಆರನೇದು ಹೆರೋ ಹಿಂದಿನ ದಿನ ಬೆನ್ನ ಮೇಲೆ ಹುಲ್ಲಿನ ಹೊರೆ ಕಟ್ಕೊಂಡು ಬೆಟ್ಟದಿಂದ ಸ್ಕೀ ಮೇಲೆ ಇಳಿದಿದ್ದೆ. ಆವತ್ತು ಯಾವ ಗಂಡಸೂ ನನ್ನ ಗರ್ಭಕೋಶದ ಯೋಚನೆ ಮಾಡ್ಲಿಲ್ಲ. ಹುಲ್ಲು ನೆನೆಯತ್ತೆ ಅಂತ ಮಾತ್ರ ಬೈದ್ರು!"

ಇಡೀ ಗುಡ್ಡ ನಗೆಯಲ್ಲಿ ಅಲ್ಲಾಡಿತು. ಅಟ್ಟಣೆಯ ಮೇಲೆ ಸಾಲು ನಿಂತಿದ್ದ ಹಾರಾಟಗಾರರೂ ನಕ್ಕರು. ಗುನ್‌ವೋರ್ ನಗಲಿಲ್ಲ. ಅವಳ ಕಣ್ಣು ಮಾವನ ಮೇಲಿತ್ತು. ಐವಿಂದ್‌ನ ಹುಬ್ಬಿನ ಮೇಲೆ ಹಿಮದ ಪುಡಿ ಕೂತಿತ್ತು. ಇಷ್ಟು ಜನರ ಮುಂದೆ ಅವನು ಜೀವಮಾನದಲ್ಲಿ ಮಾತಾಡಿದವನಲ್ಲ.

"ಐವಿಂದ್," ಮಾರ್ಗಿತ್ ತಮ್ಮನನ್ನು ಮೆಲ್ಲಗೆ ಕರೆದಳು. "ನೀನು ನೋಡಿದ್ದು ನೋಡಿದ ಹಾಗೆ ಹೇಳೋ. ಹೆಚ್ಚೂ ಬೇಡ, ಕಮ್ಮೀನೂ ಬೇಡ."

"ಐವತ್ಮೂರೂವರೆ" ಎಂದ ಐವಿಂದ್.

ಹಾಲ್ವೋರ್ ಅವನತ್ತ ಗಿರ್ರನೆ ತಿರುಗಿದ. ಗುಡ್ಡದ ದಾಖಲೆ ಐವತ್ತೆರಡು. ಶೇತಿಲ್‌ನದು. ಊರಿನ ಮಕ್ಕಳಿಗೆಲ್ಲ ಬಾಯಿಪಾಠ.

"ಸರಿಯಾಗಿ ನೋಡಿದ್ಯೇನೋ?"

"ಕೋಲು ಇನ್ನೂ ಅಲ್ಲೇ ಇದೆ" ಎಂದ ಐವಿಂದ್. ಆಮೇಲೆ, ಒಂದು ಸಲ ಬಾಯಿ ತೆರೆದದ್ದರಿಂದ ಧೈರ್ಯ ಬಂದಿತೇನೋ, ಜನರ ಕಡೆ ತಿರುಗಿ ಕೂಗಿದ: "ಐವತ್ಮೂರೂವರೆ! ನಿಂತು ಇಳಿದಿದಾಳೆ!"

ಆ ಕೂಗು ಕೆಳಗಿನವರಿಗೆ ಮುಟ್ಟಿದಾಗ ಎದ್ದ ಗದ್ದಲದಲ್ಲಿ ಹಾಲ್ವೋರನಿಗೆ ಬೇರೆ ದಾರಿ ಉಳಿಯಲಿಲ್ಲ. ಮೆಟ್ಟಿಲು ಹತ್ತಿ ಹೋಗಿ ಧ್ವನಿವರ್ಧಕದಲ್ಲಿ, ಔಷಧಿ ಕುಡಿದವನ ದನಿಯಲ್ಲಿ, ಗುನ್‌ವೋರ್ ಐವತ್ಮೂರೂವರೆ ಮೀಟರ್ ಹಾರಿದಳೆಂದೂ, ಅದು ಲೆಕ್ಕಕ್ಕಿಲ್ಲವೆಂದೂ ಒಂದೇ ಉಸಿರಿಗೆ ಹೇಳಿದ. ಎರಡನೆಯ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಗೂಡಂಗಡಿಯ ಕದ ತೆರೆಯಿತು.

ಆಗ ಗುನ್‌ವೋರ್ ಆ ಗೆರೆಗಳ ಮೇಲಿಂದ ಕಾಲು ತೆಗೆದಳು. ಬೆರಳುಗಳಲ್ಲಿ ಜೀವವೇ ಇರಲಿಲ್ಲ. ಅಮ್ಮ ಅವಳ ತೋಳು ಹಿಡಿದು ಇಳಿಸಿದಳು. ದಾರಿಯುದ್ದಕ್ಕೂ ತೋಳನ್ನು ಬಿಡಲಿಲ್ಲ. ಆ ದಿನದ ಸ್ಪರ್ಧೆ ಗೆದ್ದದ್ದು ಶೇತಿಲ್, ಐವತ್ತು ಮೀಟರಿಗೆ. ಬಹುಮಾನದ ಬೆಳ್ಳಿ ಬಟ್ಟಲು ಹಿಡಿದುಕೊಂಡು ಗೂಡಂಗಡಿಯ ಮುಂದೆ ಹಾದು ಹೋಗುವಾಗ ಅವನು ಇವಳತ್ತ ನೋಡಲಿಲ್ಲ. ಆಮೇಲೆ ಎಷ್ಟೋ ವರ್ಷ ನೋಡಲಿಲ್ಲ.

ಮನೆಯಲ್ಲಿ ಅಮ್ಮ ಮಾತಾಡುವುದಾಗಿ ಹೇಳಿದ್ದನ್ನು ಉಳಿಸಿಕೊಂಡಳು. ಸುಳ್ಳು ಹೇಳಿದ್ದಕ್ಕೆ ಬೈದಳು, ಚೆನ್ನಾಗಿಯೇ ಬೈದಳು. ಬೈದು ಮುಗಿಸಿ, ಒಲೆಯ ಮುಂದೆ ಕೂತು, "ಮೇಲೆ ಹೋದಾಗ ಹೇಗಿರತ್ತೆ?" ಎಂದು ಕೇಳಿದಳು.

"ಯಾರೋ ಎತ್ಕೊಂಡ ಹಾಗೆ."

ಮಾರ್ಗಿತ್ ಬೆಂಕಿ ಕೆದಕಿದಳು.

ಸ್ಕೀ ಸಂಘ ಸುಮ್ಮನಿರಲಿಲ್ಲ. ಮುಂದಿನ ಶರತ್ಕಾಲದಲ್ಲಿ ಗಂಡಸರು ಸಭೆ ಸೇರಿ ಹೊಸ ನಿಯಮ ಮಾಡಿದರು: ಗುಡ್ಡದ ಮೇಲೆ ಹೆಂಗಸರು ಸ್ಪರ್ಧೆಗಾಗಲಿ, ಪರೀಕ್ಷೆಗಾಗಲಿ, ಅಭ್ಯಾಸಕ್ಕಾಗಲಿ ಹಾರತಕ್ಕದ್ದಲ್ಲ. ಹಾಲ್ವೋರ್ ಅದನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದ. ಗುನ್‌ವೋರ್ ಕೈಚೀಲ ಹಿಡಿದುಕೊಂಡು ಅದನ್ನು ಎರಡು ಸಲ ಓದಿದಳು. ಅಷ್ಟು ಜನರ ಮುಂದೆ ಗೆದ್ದದ್ದು ಅಂಗೈಯಗಲದ ಕಾಗದದಲ್ಲಿ ಕರಗಿಹೋಗಿತ್ತು. ಸಕ್ಕರೆ ಕೊಳ್ಳದೆ ಮನೆಗೆ ಬಂದಳು.

ಅಮ್ಮ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಚೀಸಿಗೆ ಹಾಲಿನ ತಿಳಿ ಕಾಯಿಸುತ್ತಿದ್ದಳು. ಬೆಳಗಿನಿಂದ ಕುದ್ದು ಕುದ್ದು ಅದು ಕಂದು ಬಣ್ಣಕ್ಕೆ ತಿರುಗಿತ್ತು. ಕೈಬಿಟ್ಟರೆ ತಳ ಹಿಡಿಯುವ ಹೊತ್ತು. ತಿರುವುತ್ತಲೇ ಮಗಳು ಹೇಳಿದ್ದೆಲ್ಲ ಕೇಳಿದಳು.

"ಈ ಸೌಟು ಹಿಡಿ. ನಿಲ್ಲಿಸ್ದೆ ತಿರುವು" ಅಂದಳು.

"ನೀನೆಲ್ಲಿಗೆ ಹೋಗ್ತೀಯಾ?"

ಕೊಟ್ಟಿಗೆಯಿಂದ ಕೊಡಲಿ ತೆಗೆದ ಸದ್ದು ಕೇಳಿತು. ಗುನ್‌ವೋರ್ ಕಿಟಕಿಯಿಂದ ನೋಡಿದಳು. ಅಮ್ಮ ಆಡು ಮೇಯುವ ದಿಬ್ಬದ ನೆತ್ತಿಗೆ ಹತ್ತಿ, ಕೆಳಗಿನವರೆಗೆ ಒಂದು ಸಲ ಕಣ್ಣಳತೆ ಹಾಕಿ, ನಡುವೆ ಅಡ್ಡ ನಿಂತಿದ್ದ ಬರ್ಚ್ ಮರದ ಬುಡಕ್ಕೆ ಮೊದಲ ಏಟು ಹಾಕಿದಳು.

ಆ ವಾರದಲ್ಲಿ ಐವಿಂದ್ ಗರಗಸ ತಂದ. ಇಂಗೆರಿದ್ ಮಹಿಳಾ ಸಂಘದವರನ್ನೆಲ್ಲ ಕರೆತಂದಳು. ಆ ವರ್ಷ ಸ್ಕೀ ಸಂಘಕ್ಕೆಂದು ಯಾರೂ ಒಂದು ಕಾಲುಚೀಲವನ್ನೂ ಹೆಣೆಯಲಿಲ್ಲ. ಮೊದಲ ಹಿಮ ಬೀಳುವ ಹೊತ್ತಿಗೆ ದಿಬ್ಬದ ಮೇಲೆ ದಿಮ್ಮಿಗಳ ಒಂದು ಕುಳ್ಳನೆಯ ಅಟ್ಟಣೆ ಎದ್ದಿತ್ತು. ಇಪ್ಪತ್ತು ಮೀಟರು ಹಾರಿದರೆ ಹೆಚ್ಚು. ಗುನ್‌ವೋರ್ ಅಲ್ಲಿ ಮೂರು ಹುಡುಗಿಯರಿಗೆ ಬೀಳುವುದನ್ನೂ ಏಳುವುದನ್ನೂ ಕಲಿಸತೊಡಗಿದಳು.

ಒಂದು ಮಧ್ಯಾಹ್ನ ಹಾಲ್ವೋರ್ ಸ್ಕೀ ಹಾಕಿಕೊಂಡು ಬೇಲಿಯ ಹತ್ತಿರ ಬಂದು ನಿಂತ. ಅಟ್ಟಣೆಯನ್ನು ಬಹಳ ಹೊತ್ತು ನೋಡಿದ.

"ಮಾರ್ಗಿತ್, ಗುಡ್ಡ ಕಟ್ಟೋಕೆ ಸಂಘದ ಒಪ್ಪಿಗೆ ಬೇಕು. ನಿಂಗೆ ಗೊತ್ತಲ್ಲ."

ಮಾರ್ಗಿತ್ ಹುಲ್ಲಿನ ಹೊರೆಯನ್ನು ಕೆಳಗಿಟ್ಟಳು. "ಯಾವ ಗುಡ್ಡ?"

"ಇದೇ ಇದು."

"ಇದು ನನ್ನ ಆಡಿನ ಹುಲ್ಲುಗಾವಲು. ಇಲ್ಲಿ ಆಡುಗಳು ಹಾರತ್ವೆ, ನನ್ನ ಮಗಳು ಹಾರ್ತಾಳೆ. ನಿನ್ನ ನಿಯಮದ ಕಾಗದ ಬೇಕಾದ್ರೆ ತಂದು ಬೇಲಿಗೆ ಅಂಟಿಸು. ಆಡುಗಳಿಗೆ ಕಾಗದ ಅಂದ್ರೆ ಬಹಳ ಇಷ್ಟ."

ಹಾಲ್ವೋರ್ ಏನೋ ಹೇಳಹೊರಟ. ಅಷ್ಟರಲ್ಲಿ ಮೇಲಿಂದ ಗುನ್‌ವೋರ್, "ಅಮ್ಮಾ, ದಾರಿ ಬಿಡೂ!" ಎಂದು ಕೂಗಿದಳು. ಮಾರ್ಗಿತ್ ಪಕ್ಕಕ್ಕೆ ಸರಿದಳು. ಬೇಲಿಯಾಚೆಯಿದ್ದ ಹಾಲ್ವೋರ್ ಕೂಡ, ತನಗೇ ತಿಳಿಯದಂತೆ, ಒಂದು ಹೆಜ್ಜೆ ಹಿಂದೆ ಸರಿದ.